ಹಿತ್ತಾಳೆಯ ಮೇಲೆ ಹಸಿರು

ಪುತ್ತೂರಿನ ದರ್ಬೆಯಲ್ಲಿ ಯಜ್ಞೇಶ್ವರ ಭಟ್ಟರ ಮನೆಗೆ ಐದು ಕಿಟಕಿಗಳು. ಆ ಐದರಲ್ಲಿ ಒಂದನ್ನಾದರೂ ಮಾವನ ಅಪ್ಪಣೆಯಿಲ್ಲದೆ ತೆರೆಯುವ ಧೈರ್ಯ ಅಳಿಯ ಮಹಾಗಣಪತಿಗೆ ಇರಲಿಲ್ಲ. (ಹೆಸರು ಕೇಳಿ ಯಾರೂ ಹೊಟ್ಟೆಯನ್ನು ಕಲ್ಪಿಸಿಕೊಳ್ಳಬಾರದು. ಆತನ ಸೊಂಟದ ಮೇಲೆ ಪಂಚೆ ನಿಲ್ಲುತ್ತಿದ್ದುದೇ ದೇವರ ದಯೆಯಿಂದ.) ಸರಕಾರಿ ಕಚೇರಿಯಲ್ಲಿ ಗುಮಾಸ್ತನಾದ್ದರಿಂದ ಹಗಲೆಲ್ಲ ಮೇಲಧಿಕಾರಿಯ ಹೆದರಿಕೆ, ಮಾವನ ಮನೆಯಲ್ಲೇ ವಾಸವಾದ್ದರಿಂದ ಉಳಿದ ಹೊತ್ತೆಲ್ಲ ಮಾವನ ಹೆದರಿಕೆ. ಕಚೇರಿಗಾದರೂ ಭಾನುವಾರ ರಜೆಯಿತ್ತು.

ಭಟ್ಟರು ಕೆಟ್ಟವರಲ್ಲ. ಆದರೆ ಅವರ ಕೈಗೆ ಬಾರದ ಕೆಲಸವೇ ಇರಲಿಲ್ಲ. ಮಾಡಿನ ಹಂಚು ಸರಿಸುವುದರಿಂದ ಹಿಡಿದು ಗೋಡೆ ಗಡಿಯಾರ ರಿಪೇರಿಯವರೆಗೆ ಎಲ್ಲವನ್ನೂ ತಾವೇ ಮಾಡುತ್ತಿದ್ದರು. ಅಂಥವರಿಗೆ ಪೆನ್ನಿಗೆ ಶಾಯಿ ತುಂಬುವಾಗಲೂ ಅಂಗಿಗೆ ಚೆಲ್ಲಿಕೊಳ್ಳುವ ಅಳಿಯ ಸಿಕ್ಕಿದ್ದ. ಮನೆಗೆ ಯಾರು ಬಂದರೂ ಕಾಫಿಯ ಜೊತೆಗೆ ಭಟ್ಟರು ಒಂದು ಮಾತನ್ನೂ ಬಡಿಸುತ್ತಿದ್ದರು. "ನಮ್ಮ ಅಳಿಯನ ಕೈಗೆ ಉಳಿ ಕೊಟ್ಟರೆ ಮತ್ತೆ ಮನೆ ಉಳಿಯುದಿಲ್ಲ." ಬಂದವರು ನಗುತ್ತಿದ್ದರು. ಮಹಾಗಣಪತಿಯೂ ನಗುತ್ತಿದ್ದ. ನಾಲ್ಕು ವರ್ಷ ಹೀಗೆ ನಕ್ಕು ನಕ್ಕು ಅವನಿಗೆ ಸಾಕಾಗಿತ್ತು. ಒಮ್ಮೆ, ಜೀವಮಾನದಲ್ಲಿ ಒಮ್ಮೆ, ನಾಲ್ಕು ಜನರೆದುರು ಮಾವ ತನ್ನನ್ನು ಮೆಚ್ಚಿ ಮಾತಾಡಬೇಕು ಎಂಬುದೊಂದೇ ಅವನ ಆಸೆ. ಬಡ್ತಿಗಾಗಿಯೂ ಅವನು ದೇವರಿಗೆ ಇಷ್ಟು ಕೈಮುಗಿದಿರಲಿಲ್ಲ.

ಐವತ್ತೆಂಟನೇ ಇಸವಿಯ ಫೆಬ್ರವರಿಯಲ್ಲಿ ಭಟ್ಟರು ಐವರ್ನಾಡಿಗೆ ಹೊರಟರು. ಅಲ್ಲಿ ಹಿರಿಮಗಳು ಈಶ್ವರಿಯ ಮನೆಯಲ್ಲಿ ಬಾವಿ ತೋಡುತ್ತಿದ್ದರು, ತಾವು ಕಟ್ಟೆಯ ಮೇಲೆ ನಿಲ್ಲದಿದ್ದರೆ ನೀರು ಮೇಲೆ ಬರುವುದಿಲ್ಲವೆಂದು ಭಟ್ಟರ ನಂಬಿಕೆ. ಹೊರಡುವಾಗ ಜಗಲಿಯಲ್ಲಿದ್ದ ಹಸಿರು ಬಣ್ಣದ ಡಬ್ಬಿಯನ್ನು ತೋರಿಸಿದರು.

"ಹತ್ತು ದಿನ ಬಿಟ್ಟು ಬರ್ತೇನೆ. ಬಂದು ಕಿಟಕಿಗಳಿಗೆ ನಾನೇ ಒಂದು ಕೈ ಬಳಿಯುತ್ತೇನೆ. ಅಲ್ಲಿವರೆಗೆ ಯಾರೂ ಕಿಟಕಿ ಮುಟ್ಟುದು ಬೇಡ."

ಯಾರೂ ಎಂದರೆ ಯಾರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮಹಾಗಣಪತಿ ನಾಲ್ಕು ದಿನ ಮುಟ್ಟಲಿಲ್ಲ. ಐದನೆಯ ದಿನ ಕಿಟಕಿಯ ಬಳಿ ಕೂತು ಏನೋ ಯೋಚಿಸುತ್ತ ಬೋಲ್ಟಿನ ಮೇಲೆ ಉಗುರಾಡಿಸಿದ. ಹಸಿರು ಸಿಪ್ಪೆ ಎದ್ದು ಬಂತು. ಅಡಿಯಲ್ಲಿ ಹಳದಿ ಇಣುಕಿತು.

"ಶಂಕರೀ, ಇಲ್ಲಿ ಬಾ. ಹಿತ್ತಾಳೆ ಇದು. ಬೋಲ್ಟು, ಕೊಕ್ಕೆ, ಬಿಜಾಗರಿ, ಎಲ್ಲ ಹಿತ್ತಾಳೆ. ಇಂಥಾದ್ದರ ಮೇಲೆ ಬಣ್ಣ ಬಳಿದಿದ್ದಾರೆ."

ಹೆಂಡತಿ ಶಂಕರಿ ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು. "ಅಪ್ಪ ಹೇಳಿದ್ದಾರಲ್ಲ, ಕಿಟಕಿ ಮುಟ್ಟುದು ಬೇಡ ಅಂತ."

"ಮುಟ್ಟುದಿಲ್ಲ. ಬಿಚ್ಚುದು ಮಾತ್ರ. ಎಲ್ಲ ಬಿಚ್ಚಿ ತೊಳೆದು, ಮರಕ್ಕೆ ಮಾತ್ರ ಹಸಿರು ಬಳಿದು, ತಿರುಗಿ ಕೂರಿಸಿದರೆ ಹೇಗಿರ್ತದೆ ಹೇಳು. ಮಾವ ಬಂದು ನೋಡಿದಾಗ ಮಾತೇ ಹೊರಡಬಾರದು."

"ಬಿಚ್ಚಿದ್ದು ತಿರುಗಿ ಕೂರದಿದ್ರೆ?"

ಮಹಾಗಣಪತಿ ಬೋಲ್ಟಿನಿಂದ ಕೈ ತೆಗೆದ. ಆದರೆ ಆಸೆ ಎಂಬುದು ಹೆದರಿಕೆಗಿಂತ ಒಂದು ಗೇಣು ಮೇಲೆ ಬಂದುಬಿಟ್ಟಿತ್ತು.

"ಮರಗೆಲಸದ ಸುಂದರ ಆಚಾರಿಯನ್ನು ಕರೆಯುವಾ ಮಾರಾಯ್ರೆ," ಎಂದಳು ಶಂಕರಿ.

"ಅವ ಮಾಡಿದ್ರೆ ಅವ ಮಾಡಿದ ಹಾಗಾಯ್ತು."

ಗುರುವಾರ ಕಚೇರಿಗೆ ರಜೆಯ ಅರ್ಜಿ ಕಳಿಸಿ ಮಹಾಗಣಪತಿ ಕಾರ್ಯಾರಂಭ ಮಾಡಿದ. ಕೈಯಲ್ಲಿ ಕೌಶಲ್ಯವಿಲ್ಲದ ಮನುಷ್ಯನಿಗೆ ಹೆದರಿಕೆ ಎಷ್ಟು ಉಪಕಾರ ಮಾಡುತ್ತದೆ ಎಂಬುದು ಅಂದು ತಿಳಿಯಿತು. ಸುಂದರ ಆಚಾರಿಯಾಗಿದ್ದರೆ ಸ್ಕ್ರೂ ಡ್ರೈವರನ್ನು ಒತ್ತಿ ತಿರುಗಿಸಿ ನಾಲ್ಕರಲ್ಲಿ ಒಂದರ ತಲೆ ಹಾರಿಸುತ್ತಿದ್ದ. ಮಹಾಗಣಪತಿಗೆ ಆ ಧೈರ್ಯವಿಲ್ಲ. ಅವನು ಗೋಣಿ ಹೊಲಿಯುವ ದಬ್ಬಣ ಹಿಡಿದು ಪ್ರತಿ ಸ್ಕ್ರೂವಿನ ಗೀರಿನಿಂದ ಬಣ್ಣವನ್ನು ಎಬ್ಬಿಸಿದ, ಸುತ್ತಲೂ ಚಾಕುವಿನಿಂದ ಗೆರೆ ಕೊಯ್ದ, ಒಂದು ಹನಿ ಸೀಮೆಎಣ್ಣೆ ಬಿಟ್ಟು ನೂರು ಎಣಿಸಿ, ಆಮೇಲೆ ಕಣ್ಣುಮುಚ್ಚಿ ತಿರುಗಿಸಿದ. ಬಿಜಾಗರಿ ಬಿಚ್ಚುವಾಗ ಕಿಟಕಿಯ ಬಾಗಿಲು ಕಾಲ ಮೇಲೆ ಬೀಳುತ್ತದೆಂದು ಶಂಕರಿಯನ್ನು ನಿಲ್ಲಿಸಿ ತಬ್ಬಿ ಹಿಡಿಸಿದ. ಬಿಚ್ಚಿದ ಒಂದೊಂದು ತುಂಡಿಗೂ ಫೈಲಿನ ದಾರ ಕಟ್ಟಿ ಚೀಟಿ ತೂಗಿಸಿದ: "ಕಿಟಕಿ ನಂಬ್ರ ೩, ಎಡ ಬಾಗಿಲು, ಮೇಲಿನ ಬಿಜಾಗರಿ." ಸಂಜೆಯೊಳಗೆ ಹತ್ತು ಬಾಗಿಲುಗಳು ಮನೆಯೊಳಗೆ ಗೋಡೆಗೆ ಒರಗಿದ್ದವು. ಸ್ಕ್ರೂಗಳು ಸರಿಯಾಗಿ ಇನ್ನೂರು, ಒಂದರ ತಲೆಯೂ ಕೆಟ್ಟಿರಲಿಲ್ಲ.

"ನೀವೇ ಮಾಡಿದ್ದಾ ಇದು?" ಎಂದು ಶಂಕರಿ ಎರಡೆರಡು ಸಲ ಕೇಳಿದಳು. ಅವನಿಗೂ ಅದೇ ಸಂಶಯವಿತ್ತು.

ಶುಕ್ರವಾರ ಎಲ್ಲವನ್ನೂ ಬಚ್ಚಲಿನ ಹಂಡೆಯಲ್ಲಿ ಸೋಡಾ ಹಾಕಿ ಕುದಿಸಿದರು. ಹಸಿರು ಬಣ್ಣ ಸಿಪ್ಪೆ ಸಿಪ್ಪೆಯಾಗಿ ತೇಲಿತು. ಆಮೇಲೆ ಶಂಕರಿ ಅಂಗಳದಲ್ಲಿ ಚಾಪೆ ಹಾಸಿ, ದೇವರ ದೀಪ ತೊಳೆಯುವ ಕ್ರಮದಲ್ಲೇ ಹುಳಿ ಬಿಂಬುಳಿಕಾಯಿ ಜಜ್ಜಿ, ಬೂದಿ ಸೇರಿಸಿ ತಿಕ್ಕತೊಡಗಿದಳು. ಒಂದೊಂದೇ ಬೋಲ್ಟು ಬಂಗಾರದಂತೆ ಹೊಳೆಯಿತು. ಮಹಾಗಣಪತಿ ಪಕ್ಕದಲ್ಲಿ ಕೂತು ಮಾವನ ಮುಖ ಹೇಗಾಗಬಹುದೆಂದು ಊಹಿಸುತ್ತಿದ್ದ.

"ಇದರಲ್ಲಿ ಎಂತದೋ ಬರೆದುಂಟು," ಎಂದಳು ಶಂಕರಿ. "ಮೇಲೆ ಒಂದು ಕಿರೀಟ, ಅಡಿಯಲ್ಲಿ ಇಂಗ್ಲಿಷ್ ಅಕ್ಷರ."

ಮಹಾಗಣಪತಿ ನೋಡಿದ. ಆ ಕಿರೀಟವನ್ನು ಅವನು ದಿನಾ ಬೆಳಿಗ್ಗೆ ನೋಡುತ್ತಿದ್ದ. ಕಚೇರಿಯ ಮೇಜಿನ ಗಂಟೆಯ ಮೇಲೆ, ತಕ್ಕಡಿಯ ಕಲ್ಲಿನ ಮೇಲೆ, ಹಳೆಯ ಪೆಟ್ಟಿಗೆಗಳ ಬೀಗದ ಮೇಲೆ ಅದೇ ಕಿರೀಟ, ಅದೇ ಅಕ್ಷರಗಳು. ಸರಕಾರದ ಮುದ್ರೆ.

ಇನ್ನೊಂದು ಬೋಲ್ಟು ತಿರುಗಿಸಿದ. ಮುದ್ರೆ. ಕೊಕ್ಕೆ, ಮುದ್ರೆ. ಬಿಜಾಗರಿಯ ಎರಡು ರೆಕ್ಕೆಗೂ ಒಂದೊಂದು ಮುದ್ರೆ.

"ಶಂಕರೀ, ಇದೆಲ್ಲ ಸರಕಾರದ ಸೊತ್ತು. ನಾವು ಸರಕಾರದ ಸೊತ್ತನ್ನು ಬೂದಿ ಹಾಕಿ ತಿಕ್ಕಿದ್ದೇವೆ."

"ತಿಕ್ಕಿದ್ದಕ್ಕೆ ಎಂತ ಮಾಡ್ತಾರೆ?"

"ಜೈಲಿಗೆ ಹಾಕ್ತಾರೆ. ಬೇರೆಯವರ ಮನೆಯಲ್ಲಿ ಸಿಕ್ಕಿದ್ರೆ ಆರು ತಿಂಗಳು. ಸರಕಾರಿ ನೌಕರನ ಮನೆಯಲ್ಲಿ ಸಿಕ್ಕಿದ್ರೆ..."

ಇದೇ ಹೊತ್ತಿಗೆ ಗೇಟು ಕಿರ್ರೆಂದಿತು. ಕಚೇರಿಯ ಶಿರಸ್ತೇದಾರರಾದ ಕುಕ್ಕಪ್ಪ ಗೌಡರು, ಎಂದರೆ ಮಹಾಗಣಪತಿಯ ಹಗಲಿನ ಹೆದರಿಕೆ, ಕೊಡೆ ಊರಿಕೊಂಡು ಒಳಗೆ ಬರುತ್ತಿದ್ದರು. ಮನೆಗೆ ಹೋಗುವ ದಾರಿಯಲ್ಲಿ, ರಜೆ ಹಾಕಿದ ಗುಮಾಸ್ತನಿಗೆ ಏನಾಯಿತೆಂದು ವಿಚಾರಿಸುವ ಒಳ್ಳೆಯತನ ಅವರದು. ಮಹಾಗಣಪತಿಗೆ ಒಂದೇ ಉಪಾಯ ಹೊಳೆಯಿತು. ಹೆಗಲ ಮೇಲಿದ್ದ ಬೈರಾಸು ಟವೆಲನ್ನು ಚಾಪೆಯ ಮೇಲೆ ಹರಡಿ, ಹಿತ್ತಾಳೆಯ ರಾಶಿಯ ಮೇಲೆ ಕೂತುಬಿಟ್ಟ.

"ಎಂತ ಮಹಾಗಣಪತಿಯವರೇ, ಹುಷಾರಿಲ್ವಾ?"

ಮೇಲಧಿಕಾರಿ ನಿಂತಿದ್ದಾರೆ, ಗುಮಾಸ್ತ ಕೂತಿದ್ದಾನೆ. ಕಚೇರಿಯ ಚರಿತ್ರೆಯಲ್ಲಿ ಇಂಥದು ನಡೆದಿರಲಿಲ್ಲ. "ಸೊಂಟ, ಸಾರ್," ಎಂದ ಮಹಾಗಣಪತಿ. "ಏಳ್ಲಿಕ್ಕೆ ಆಗುದಿಲ್ಲ."

ಅದು ಸುಳ್ಳೂ ಅಲ್ಲ. ಒಂದು ಕೊಕ್ಕೆ ತೊಡೆಗೆ ಚುಚ್ಚುತ್ತಿತ್ತು, ಎರಡು ಬೋಲ್ಟುಗಳು ಬೇರೆ ಕಡೆ ಒತ್ತುತ್ತಿದ್ದವು. ಗೌಡರು ಮೋರೆ ಸಣ್ಣದು ಮಾಡಿ, ತಮ್ಮ ಅಜ್ಜನಿಗೂ ಹೀಗೇ ಆಗಿತ್ತೆಂದು ಶುರುಮಾಡಿದರು. ಅಜ್ಜನ ಸೊಂಟ, ಅದಕ್ಕೆ ಕಾಸಿದ ಎಣ್ಣೆ, ಎಣ್ಣೆಗೆ ಬೇಕಾದ ಬೇರು, ಬೇರು ಸಿಗುವ ಕಾಡು. ಅರ್ಧ ಗಂಟೆಯ ತನಕ ಮಹಾಗಣಪತಿ ಹಲ್ಲು ಕಚ್ಚಿ ಹೂಂ ಎಂದ. ಅವನ ಮುಖ ನೋಡಿ ಗೌಡರಿಗೆ ನಿಜಕ್ಕೂ ಕರುಳು ಚುರುಕ್ಕೆಂದಿತು.

"ಕಿಟಕಿ ಎಲ್ಲ ತೆರೆದಿಟ್ಟಿದ್ದೀರಿ?" ಹೊರಡುವಾಗ ಕೇಳಿದರು.

"ಗಾಳಿಗೆ," ಎಂದಳು ಶಂಕರಿ.

ಗೌಡರು ಹೋದ ಮೇಲೆ ಅವನನ್ನು ಎಬ್ಬಿಸಲು ಶಂಕರಿ ಎರಡು ಕೈಯಲ್ಲಿ ಎಳೆಯಬೇಕಾಯಿತು. ಕನ್ನಡಿಯಲ್ಲಿ ನೋಡಿಕೊಂಡಿದ್ದರೆ ಅವನ ಮೇಲೂ ಒಂದೆರಡು ಕಿರೀಟ ಮೂಡಿದ್ದುದು ಕಾಣುತ್ತಿತ್ತು. ಎಲ್ಲವನ್ನೂ ಗೋಣಿಗೆ ತುಂಬಿ ಅಕ್ಕಿ ತುಂಬಿಡುವ ಕಲಬಿಯ ಹಿಂದೆ ಇಟ್ಟರು. ಭಟ್ಟರು ಬರಲು ಇನ್ನೂ ನಾಲ್ಕು ದಿನವಿದೆ, ಅಷ್ಟರಲ್ಲಿ ಏನಾದರೂ ತೋಚೀತು ಎಂದು ಮಹಾಗಣಪತಿ ಸಮಾಧಾನ ತಂದುಕೊಂಡ.

ಆದರೆ ಐವರ್ನಾಡಿನಲ್ಲಿ ನೀರು ಮೂರು ದಿನ ಮೊದಲೇ ಬಂದುಬಿಟ್ಟಿತು. ಶನಿವಾರ ಮಧ್ಯಾಹ್ನ ಸುಳ್ಯದ ಬಸ್ಸಿನಿಂದ ಇಳಿದ ಭಟ್ಟರು ಗೇಟಿನಲ್ಲಿ ನಿಂತರು. ಐದು ಕಿಟಕಿಗಳೂ ಬಾಯಿ ತೆರೆದುಕೊಂಡು ಅವರನ್ನೇ ನೋಡಿದವು. ಕಾಲು ತೊಳೆಯಲಿಲ್ಲ. ನೇರ ಒಳಗೆ ಬಂದರು.

"ಬೋಲ್ಟುಗಳೆಲ್ಲಿ?"

ಮಹಾಗಣಪತಿ ಕಲಬಿಯ ಹಿಂದೆ ಕೈಹಾಕಿದ. ಗೋಣಿ ತಂದು ಮುಂದೆ ಸುರಿದ. ಹಿತ್ತಾಳೆ ಫಳ್ಳೆಂದು ಹೊಳೆಯಿತು. ಇನ್ನು ಸಿಡಿಲು ಬೀಳುತ್ತದೆಂದು ಅವನು ತಲೆ ತಗ್ಗಿಸಿ ಕಾದ. ಸಿಡಿಲು ಬೀಳಲಿಲ್ಲ. ತಲೆ ಎತ್ತಿ ನೋಡಿದರೆ ಭಟ್ಟರ ಮುಖ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಮಾವನೂ ಹೆದರಬಲ್ಲರೆಂದು ಮಹಾಗಣಪತಿಗೆ ಆ ತನಕ ಗೊತ್ತಿರಲಿಲ್ಲ. ಅದನ್ನು ಕಂಡು ಅವನ ಹೆದರಿಕೆ ಎರಡು ಪಟ್ಟಾಯಿತು.

"ಯಾರಾದ್ರೂ ನೋಡಿದ್ದಾರಾ?" ಭಟ್ಟರು ಪಿಸುಗುಟ್ಟಿದರು.

"ಇಲ್ಲ ಮಾವ. ಶಿರಸ್ತೇದಾರರು ಬಂದಿದ್ದರು. ನಾನು ಮೇಲೆ ಕೂತಿದ್ದೆ."

ಭಟ್ಟರು ಮಣೆ ಎಳೆದು ಕುಸಿದು ಕೂತರು. "ಈ ಮನೆ ಕಟ್ಟಿದ್ದು ಯುದ್ಧದ ಕಾಲ. ಪೇಟೆಯಲ್ಲಿ ಒಂದು ಕೊಕ್ಕೆ ಸಿಗ್ತಿರಲಿಲ್ಲ. ಸರಕಾರದ ಯಾವುದೋ ಹಳೇ ಬಂಗ್ಲೆ ಕೆಡವಿದವ ಒಬ್ಬ ಗೋಣಿಯಲ್ಲಿ ತಂದು ಕೊಟ್ಟ. ಎಲ್ಲಿಯದ್ದು ಅಂತ ನಾನು ಕೇಳಲಿಲ್ಲ, ಅವ ಹೇಳಲಿಲ್ಲ. ಮುದ್ರೆ ನೋಡಿದ್ದು ಎಲ್ಲ ಕೂರಿಸಿ ಆದ ಮೇಲೆ. ಅವತ್ತೇ ಹಸಿರು ಬಳಿದೆ. ತೀರಿಹೋದ ನಿನ್ನ ಅತ್ತೆಗೂ ಹೇಳಿರಲಿಲ್ಲ."

"ಆ ಬ್ರಿಟಿಷ್ ಸರಕಾರ ಹೋಗಿ ಹತ್ತು ವರ್ಷದ ಮೇಲಾಯ್ತಲ್ಲ ಮಾವ."

"ಸರಕಾರ ಹೋಗ್ತದೆ ಮಾರಾಯ, ಫೈಲು ಹೋಗ್ತದಾ? ನೀನೇ ಹೇಳು, ನೀನು ಅದರೊಳಗೇ ಇರುವವ."

ಮಹಾಗಣಪತಿ ತನ್ನ ಕಚೇರಿಯ ಹಿಂದಿನ ಫೈಲು ಕೋಣೆಯನ್ನು ನೆನೆದುಕೊಂಡ. "ಹೋಗುದಿಲ್ಲ," ಎಂದ.

ಎದುರು ಬಾಗಿಲು ಹಾಕಿ, ಕಿಟಕಿಗಳಿಗೆ ಅಡ್ಡವಾಗಿ ಪಂಚೆ ಕಟ್ಟಿ, ಮಾವ ಅಳಿಯ ಇಬ್ಬರೂ ಕೆಲಸಕ್ಕೆ ನಿಂತರು. ಚೀಟಿ ಓದುತ್ತ ಮಹಾಗಣಪತಿ ಒಂದೊಂದನ್ನೇ ಎತ್ತಿ ಕೊಟ್ಟ. ಒಂದೊಂದೂ ಅದರದರ ಜಾಗದಲ್ಲಿ ಸದ್ದಿಲ್ಲದೆ ಕೂತಿತು. ಐದನೆಯ ಕಿಟಕಿಗೆ ಬರುವಾಗ ಭಟ್ಟರು ಕೈ ನಿಲ್ಲಿಸಿದರು.

"ಬಿಚ್ಚಿದ್ದು ಯಾರು? ಸುಂದರನಾ?"

"ನಾನೇ ಮಾವ."

ಭಟ್ಟರು ಸ್ಕ್ರೂಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. "ಒಂದರ ತಲೆಯೂ ಹೋಗಲಿಲ್ಲ. ನನ್ನಿಂದಲೂ ಇಷ್ಟು ಚಂದ ಆಗ್ತಿರಲಿಲ್ಲ."

ಮಹಾಗಣಪತಿಗೆ ಕಣ್ಣು ಮಂಜಾಯಿತು. ನಾಲ್ಕು ವರ್ಷ ಕಾದ ಮಾತು ಕೊನೆಗೂ ಬಂದಿತ್ತು. ಕೇಳಲು ಮಾತ್ರ ನಾಲ್ಕು ಜನ ಇರಲಿಲ್ಲ. ಇದ್ದ ಶಂಕರಿಯೂ ಹೊರಗೆ ಕಾವಲು ನಿಂತಿದ್ದಳು.

ಭಾನುವಾರ ಬೆಳಿಗ್ಗೆ ಮರಕ್ಕೂ ಹಿತ್ತಾಳೆಗೂ ಒಟ್ಟಿಗೇ ಹಸಿರು ಬಳಿದು ಮುಗಿಸಿದರು. ಹನ್ನೊಂದು ಗಂಟೆಗೆ ಕುಕ್ಕಪ್ಪ ಗೌಡರು ಸೊಂಟದ ಎಣ್ಣೆಯ ಬಾಟಲಿ ಹಿಡಿದು ಬಂದರು, ಜೊತೆಗೆ ಕಚೇರಿಯ ಇನ್ನಿಬ್ಬರು. ಕಾಫಿ ಬಂತು. ಗೌಡರು ಕಿಟಕಿಯ ಹತ್ತಿರ ಹೋದರು.

"ಭಟ್ರೇ, ಬಣ್ಣ ಒಳ್ಳೆದುಂಟು. ಆದ್ರೆ ಬೋಲ್ಟಿಗೂ ಬಿಜಾಗರಿಗೂ ಬಳಿಯುದಾ? ಬಿಚ್ಚಿಯಲ್ವಾ ಬಣ್ಣ ಹೊಡೆಯುದು? ಒಳಗೆ ಇದು ಕಬ್ಬಿಣವಾ, ಹಿತ್ತಾಳೆಯಾ?" ಕೇಳುತ್ತಲೇ ಉಗುರನ್ನು ಬೋಲ್ಟಿನ ಬಳಿಗೆ ಒಯ್ದರು.

ಭಟ್ಟರು ಕಾಫಿಯ ಲೋಟವನ್ನು ಕೆಳಗಿಟ್ಟರು. ಅವರು ಅಳಿಯನ ಮುಖ ನೋಡಿದರು.

"ಮುಟ್ಟಬೇಡಿ ಸಾರ್, ಹಸಿ ಉಂಟು," ಎಂದು ಅವನು ಮುಂದೆ ಬಂದ. "ಸೊಂಟ ಸರಿಯಾಯ್ತು ಅಂತ ಬಳಿದದ್ದು ನಾನು. ಬಿಚ್ಚಬೇಕು ಅಂತ ನನಗೆ ಗೊತ್ತಿರಲಿಲ್ಲ."

ಇನ್ನೂರು ಸ್ಕ್ರೂಗಳನ್ನು ಒಂದರ ತಲೆ ಕೆಡದಂತೆ ಬಿಚ್ಚಿದ ಮನುಷ್ಯ ಈ ಮಾತನ್ನು ತನ್ನ ಬಾಯಿಂದಲೇ ಹೇಳಬೇಕಾಯಿತು. ಗೌಡರು ಉಗುರನ್ನು ಹಿಂದೆ ತೆಗೆದುಕೊಂಡು ನಕ್ಕರು, ಕಚೇರಿಯವರಿಬ್ಬರೂ ನಕ್ಕರು. ಭಟ್ಟರಿಗೆ ಹೋದ ಜೀವ ಬಂತು. "ನೋಡಿ ಇವರೇ, ನಾನು ಊರಲ್ಲಿಲ್ಲದ ಹೊತ್ತು ನೋಡಿ ಇವ ಮಾಡಿದ ಕೆಲಸ," ಎಂದು ಶುರುಮಾಡಿದವರು ಗೌಡರು ಎರಡನೆಯ ಕಾಫಿ ಮುಗಿಸುವ ತನಕ ನಿಲ್ಲಿಸಲಿಲ್ಲ.

ಆ ವಾರವೆಲ್ಲ ಮನೆಗೆ ಬಂದವರಿಗೆ ಹೇಳಿದರು. ಮುಂದಿನ ತಿಂಗಳು ಐವರ್ನಾಡಿಗೆ ಹೋಗಿ ಬಾವಿಕಟ್ಟೆಯ ಮೇಲೆ ನಿಂತು ಹೇಳಿದರು. ಹೇಳಿದಷ್ಟು ಸಲ ಕತೆಗೆ ಕೈಕಾಲು ಬೆಳೆಯಿತು. ಮಹಾಗಣಪತಿ ಪ್ರತಿ ಸಲವೂ ಪಕ್ಕದಲ್ಲಿ ಕೂತು ನಕ್ಕ. ಒಳಗಿನ ಸತ್ಯ ತಮ್ಮಿಬ್ಬರಿಗೆ ಗೊತ್ತುಂಟಲ್ಲ ಎಂಬ ಒಂದು ಸಮಾಧಾನ ಅವನಿಗಿತ್ತು.

ಮೇ ತಿಂಗಳ ಒಂದು ಸಂಜೆ ಜಗಲಿಯಲ್ಲಿ ಮಾವ ಅಳಿಯ ಇಬ್ಬರೇ ಕೂತಿದ್ದರು. ಹೊರಗಿನವರು ಯಾರೂ ಇರಲಿಲ್ಲ. ಭಟ್ಟರು ಕಿಟಕಿಯ ಬೋಲ್ಟಿನ ಮೇಲೆ ಕೈಯಾಡಿಸಿದರು, ತಲೆ ಕೊಡವಿದರು, ನಿಜವಾದ ಬೇಸರದಿಂದ ಅಳಿಯನತ್ತ ತಿರುಗಿದರು.

"ಅಲ್ಲ ಮಾರಾಯ, ಇಷ್ಟು ಒಳ್ಳೆ ಹಿತ್ತಾಳೆ. ಬಳಿಯುವ ಮೊದಲು ಒಮ್ಮೆ ನನ್ನತ್ರ ಕೇಳಬಾರದಿತ್ತಾ ನೀನು?"