ಕೆರೆಯೊಳಗಿನ ಕಾರ್ನರ್ ಸೈಟು

ಬೆಳಿಗ್ಗೆ ಹತ್ತಕ್ಕೆ ಬಂದ ಒಂದು ಮೆಸೇಜು ನಂದೀಶನ ಗಂಟಲಲ್ಲಿ ಇಡ್ಲಿಯನ್ನು ಅರ್ಧಕ್ಕೇ ನಿಲ್ಲಿಸಿತು.

'ಕತೆ ಚೆನ್ನಾಗಿದೆ. ಆದರೆ ನೀರೊಳಗೆ ನಿಮ್ಮ ಜನ ಉಸಿರಾಡುವುದು ಹೇಗೆ? ನಂಬುವ ಹಾಗೆ ಒಂದು ಪುಟ ಬಿಡಿಸಿ ಸಂಜೆ ಐದರೊಳಗೆ ಫೋಟೊ ಕಳಿಸಿ. ಇಲ್ಲದಿದ್ದರೆ ಬೇರೆಯವರ ಕತೆ ಹಾಕಬೇಕಾಗುತ್ತದೆ.'

ಕಳಿಸಿದವರು ಪದ್ಮಶ್ರೀ ಮೇಡಂ, ಬೆಂಗಳೂರಿನಲ್ಲಿ ಕಾಮಿಕ್ಸ್ ಪುಸ್ತಕ ಹೊರಡಿಸುವವರು. ನಂದೀಶ ಹೊಸಕೋಟೆಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್. ಹನ್ನೆರಡು ವರ್ಷದಿಂದ ಅವನು ಊರೂರಿನ ಮುಖಂಡರ ಮುಖವನ್ನು ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಿ ಹುಟ್ಟುಹಬ್ಬದ ಶುಭಾಶಯ ಕೋರುತ್ತಿದ್ದ, ಕಾಲ ಬಂದಾಗ ಅದೇ ಮುಖಕ್ಕೆ ಹಾರ ಹಾಕಿ 'ಭಾವಪೂರ್ಣ ಶ್ರದ್ಧಾಂಜಲಿ' ಎನ್ನುತ್ತಿದ್ದ. ಫ್ಲೆಕ್ಸಿನ ಕೆಳಗೆ ಶುಭ ಕೋರುವ ನಲವತ್ತು ಜನರ ಹೆಸರಿಗೆ ಜಾಗವಿರುತ್ತಿತ್ತು, ಬಿಡಿಸಿದವನ ಹೆಸರಿಗೆ ಇರುತ್ತಿರಲಿಲ್ಲ. ತನ್ನ ಹೆಸರು ಒಂದು ಸಲ ಅಚ್ಚಾಗಬೇಕು ಎಂಬುದೊಂದೇ ಅವನ ಆಸೆ. ಅದಕ್ಕೇ ತನ್ನ ಹಳ್ಳಿಯ ಕೆರೆಯೊಳಗೆ ಒಂದು ಪಟ್ಟಣವಿದೆ ಎಂದು ಕತೆ ಕಟ್ಟಿ, ಏಳು ಪುಟ ಬಿಡಿಸಿ ಕಳಿಸಿದ್ದ. ಆ ಪಟ್ಟಣದಲ್ಲಿ ಸೊಪ್ಪಿನ ಅಂಗಡಿ ಇತ್ತು, ಜಗಳ ಇತ್ತು, ಮದುವೆ ಇತ್ತು. ಉಸಿರಾಟದ ವಿಷಯ ಮಾತ್ರ ಅವನಿಗೆ ಹೊಳೆದೇ ಇರಲಿಲ್ಲ.

ಕೆರೆ ನೋಡಿದರೆ ಏನಾದರೂ ಹೊಳೆದೀತು ಎಂದು ಅಂಗಡಿಗೆ ರಜೆ ಹೇಳಿ, ಏರಿಯ ಮೇಲೆ ಕೂತು ಹಾಳೆ ಹರಡಿದ. ಮೊದಲು ಪಟ್ಟಣದ ನಕ್ಷೆ ಬಿಡಿಸಿದ. ಲೇಔಟುಗಳ ಜಾಹೀರಾತು ಮಾಡಿ ಮಾಡಿ ಪಳಗಿದ ಕೈ ತಾನಾಗಿ ಓಡಿತು. ತೂಬಿನಿಂದ ಕೋಡಿಯವರೆಗೆ ನೇರ ರಸ್ತೆ, ಅಡ್ಡರಸ್ತೆಗಳು, ಒಂದು ಪಾರ್ಕು, ಬಾಗಿಲಲ್ಲಿ ಕಮಾನು. ಮೂಲೆಯಲ್ಲಿ ದಿಕ್ಕು ತೋರಿಸುವ ಬಾಣವೂ ಬಂತು.

ಈ ಸೀಮೆಯಲ್ಲಿ ಬಯಲಲ್ಲಿ ಕೂತು ಗೆರೆ ಎಳೆದ ಕಾಗದ ಬಿಚ್ಚಿದರೆ, ಜನ ಉಣ್ಣುವುದನ್ನು ಬಿಟ್ಟು ಓಡಿ ಬರುತ್ತಾರೆ. ಮೊದಲು ಬಂದವನು ಪಕ್ಕದ ಮನೆಯ ಗೋಪಾಲಪ್ಪ. ಎರಡು ಸಲ ಪಂಚಾಯ್ತಿ ಮೆಂಬರಾಗಿದ್ದವನು. ಊರಿನ ಯಾವ ಕಾಗದವೂ ತನ್ನ ಕಣ್ಣು ತಪ್ಪಿಸಬಾರದು ಎಂದು ಈಗಲೂ ನಂಬಿದ್ದ.

"ಏನ್ಲಾ ಇದು?"

"ಪಟ್ಟಣ, ಗೋಪಾಲಣ್ಣ."

"ಎಲ್ಲಿ?"

"ಕೆರೆ ಒಳಗೆ."

ಇದನ್ನು ಹೇಳಬಾರದಿತ್ತು. ಗೋಪಾಲಪ್ಪ ಹಾಳೆಯನ್ನು ಕಿತ್ತುಕೊಂಡು ಊರ ಅರಳಿಕಟ್ಟೆಗೆ ನಡೆದ, ನಂದೀಶ ಹಿಂದೆಯೇ ಓಡಿದ.

ಅರ್ಧ ಗಂಟೆಯಲ್ಲಿ ಅರಳಿಕಟ್ಟೆಯ ಸುತ್ತ ನಲವತ್ತು ಜನ ಸೇರಿದರು. ಕೆರೆ ಖಾಲಿ ಮಾಡಿಸಿ ಲೇಔಟ್ ಮಾಡುತ್ತಾರಂತೆ, ಅದಕ್ಕೆ ನಂದೀಶನೇ ಸರ್ವೆ ಮಾಡಿದ್ದಾನಂತೆ ಎಂದು ಸುದ್ದಿ ಹಬ್ಬಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ಬೋರ್‌ವೆಲ್ ಮೋಟರು ರಿಪೇರಿಯ ಮುನಿರಾಜ.

"ಕೆರೆ ಮುಟ್ಟಿದ್ರೆ ರಕ್ತ ಹರೀತದೆ!" ಎಂದು ಎದೆ ತಟ್ಟಿಕೊಂಡ. ಆಮೇಲೆ ನಂದೀಶನ ಕಿವಿಯ ಹತ್ತಿರ ಬಗ್ಗಿದ. "ಗುರು, ಕೋಡಿ ಪಕ್ಕ ಪೂರ್ವಕ್ಕೆ ಒಂದ್ ಕಾರ್ನರ್ ಐತಲ್ಲ, ಅದು ಆಗೋಯ್ತಾ?"

"ಅಯ್ಯೋ, ಇದು ಕಾಮಿಕ್ಸು!" ನಂದೀಶ ಕೂಗಿದ. "ನೀರು ಹಂಗೇ ಇರ್ತದೆ. ಜನ ನೀರೊಳಗೇ ಬದುಕ್ತಾರೆ."

"ಮನುಷ್ಯ ನೀರಲ್ಲಿ ಬದುಕ್ತಾನೇನ್ಲಾ?" ಎಂದ ಗೋಪಾಲಪ್ಪ. "ಬದುಕಲ್ಲ ಅಂದ್ಮೇಲೆ ನೀರು ಖಾಲಿ ಮಾಡ್ತಾರೆ ಅಂತ ತಾನೆ? ಹೆಂಗೆ ಉಸ್ರಾಡ್ತಾರೆ, ಒಪ್ಪೋ ಹಂಗೆ ಹೇಳು. ಹಾಳೆ ಕೊಡ್ತೀನಿ. ಇಲ್ಲಾಂದ್ರೆ ನಾಳೆ ಇದನ್ನ ತಾಲ್ಲೂಕಾಫೀಸಿಗೆ ಕೊಟ್ಟು ನಿನ್ನ ಮೇಲೆ ಅರ್ಜಿ."

ಬೆಳಿಗ್ಗೆ ಮೇಡಂ ಕೇಳಿದ್ದ ಪ್ರಶ್ನೆಯೇ ಈಗ ಅರಳಿಕಟ್ಟೆಯ ಮೇಲಿಂದ ಬಂತು. ನಂದೀಶ ಓದಿದ್ದ ಕಾಮಿಕ್ಸನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದ.

"ಅವ್ರಿಗೆ ಕಿವಿ ಹಿಂದೆ ಮೀನಿನ ಥರ ಕಿವಿರು ಇರ್ತದೆ."

"ಕನ್ನಡಕದ ಕಡ್ಡಿ ಎಲ್ಲಿಗ್ ಸಿಗಿಸ್ತಾರೆ?" ಎಂದ ಮುನಿರಾಜ. ಕನ್ನಡಕದವರೆಲ್ಲ ಹೌದೆಂದು ತಲೆ ಆಡಿಸಿದರು.

"ಸರಿ, ಇಡೀ ಊರ್ ಮೇಲೆ ದೊಡ್ಡ ಗಾಜಿನ ಮುಚ್ಚಳ. ಒಳಗೆಲ್ಲಾ ಗಾಳಿ."

"ಇಪ್ಪತ್ತು ವರ್ಷದಿಂದ ಪೈಪ್ ಜಾಯಿಂಟ್ ಮಾಡ್ತಿದೀನಿ, ಲೀಕಾಗೋದು ತಪ್ಪಿಲ್ಲ. ಊರಿಗೇ ಮುಚ್ಚಳ ಹಾಕೋ ಕಂಟ್ರಾಕ್ಟ್ರು ಯಾರಪ್ಪಾ ಅವ್ನು?"

"ಒಣಮೆಣಸಿನಕಾಯಿ ಒಗ್ಗರಣೆ ಹಾಕುದ್ರೆ ಘಾಟು ಎಲ್ಲಿಗೋಯ್ತದೆ?" ಹಿಂದಿನಿಂದ ಒಬ್ಬಾಕೆ ಕೇಳಿದಳು. "ಒಂದ್ ಮನೇಲಿ ಚಟ್ನಿ ಮಾಡುದ್ರೆ ಊರೇ ಕೆಮ್ಮಬೇಕಾಯ್ತದೆ!"

ಗಾಜಿನ ಮುಚ್ಚಳ ಅಲ್ಲಿಗೇ ಒಡೆಯಿತು.

"ಹಂಗಾದ್ರೆ ಒಂದು ಮಾತ್ರೆ," ಎಂದ ನಂದೀಶ ದೀನನಾಗಿ. "ನುಂಗಿದ್ರೆ ಒಂದು ದಿನ ಉಸಿರಾಡಬೌದು."

"ರೇಷನ್ ಅಂಗಡೀಲಿ ಕೊಡ್ತಾರಾ? ಸರ್ವರ್ ಇಲ್ಲ, ನಾಳೆ ಬಾ ಅಂದ್ರೆ?" ಎಂದಿತು ಗುಂಪಿನ ಒಂದು ದನಿ.

ಈ ಪ್ರಶ್ನೆಗೆ ಜಗತ್ತಿನ ಯಾವ ಕಾಮಿಕ್ಸಿನಲ್ಲೂ ಉತ್ತರವಿರಲಿಲ್ಲ. ಈ ವಾದದಲ್ಲೇ ಗಂಟೆ ನಾಲ್ಕಾಗಿತ್ತು. ನಂದೀಶ ತಲೆಯ ಮೇಲೆ ಕೈ ಹೊತ್ತು ಕೂತ. ಅವನಿಗೆ ನಿಜಕ್ಕೂ ಅಳು ಬಂದಿತ್ತು.

ಅಷ್ಟು ಹೊತ್ತೂ ಕಟ್ಟೆಯ ತುದಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಪಿಳ್ಳಮ್ಮಜ್ಜಿ ಆಗ ಬಾಯಿ ತೆರೆದಳು. ಎಂಬತ್ತು ದಾಟಿದ ಮುದುಕಿ.

"ಕೆರೆಯೊಳಗೆ ಜನ ಇರೋದು ನಿಮ್ಗೆ ಯಾರಿಗೂ ಗೊತ್ತೇ ಇಲ್ವೇನ್ರೋ? ನಮ್ಮತ್ತೆ ಕಾಲದಲ್ಲಿ ಮದುವೆಗೆ ಪಾತ್ರೆ ಕೊಡ್ತಿದ್ದೋರೇ ಅವ್ರು. ಹಿಂದಿನ ದಿನ ವೀಳ್ಯ ಇಟ್ಟು, ಇಷ್ಟು ಕೊಪ್ಪರಿಗೆ, ಇಷ್ಟು ಸೌಟು ಬೇಕು ಅಂತ ಕೈ ಮುಗುದ್ರೆ, ಬೆಳಿಗ್ಗೆಗೆ ಕೆರೆ ಮೆಟ್ಲ ಮೇಲೆ ಇರೋವು. ಮದುವೆ ಮುಗುದ್ಮೇಲೆ ಬೆಳಗಿ, ಬೋರಲು ಹಾಕಿ ನೀರಿಗೆ ಒತ್ತಬೇಕು. ಅಂಗಾತ ಬಿಟ್ರೆ ತಗೊಳ್ತಿರಲಿಲ್ಲ."

"ಬೋರಲು ಯಾಕಜ್ಜಿ?"

"ಅದ್ಯಾಕೋ ಕಾಣೆ. ಅವ್ರ ಪಾತ್ರೆ, ಅವ್ರಿಷ್ಟ."

ಮುನಿರಾಜ ಧಡಕ್ಕನೆ ಎದ್ದ. ಕುಡಿಯುವ ನೀರಿನ ಬಕೀಟು ಎಳೆದು, ಒಂದು ಚೊಂಬಿನ ತಳಕ್ಕೆ ಕರ್ಚೀಫು ತುರುಕಿ, ಬೋರಲಾಗಿ ನೀರಿಗೆ ಒತ್ತಿದ. ಎತ್ತಿದಾಗ ಕರ್ಚೀಫು ಒದ್ದೆಯಾಗಿರಲಿಲ್ಲ.

"ಗಾಳಿ! ಕೊಪ್ಪರಿಗೆ ತುಂಬ ಗಾಳಿ ಹೋಗ್ತಿತ್ತು ಕಣ್ರೋ! ಅವ್ರು ಪಾತ್ರೆ ಕೊಡ್ತಿದ್ರು, ನಾವು ಬಾಡಿಗೆ ಬದ್ಲು ಗಾಳಿ ಕೊಡ್ತಿದ್ವಿ!"

ನಂದೀಶ ಎದ್ದು ನಿಂತ. ಇಂಥ ಉತ್ತರ ಅವನಿಗೆ ಏಳು ಜನ್ಮ ಕೂತರೂ ಹೊಳೆಯುತ್ತಿರಲಿಲ್ಲ.

"ಮತ್ಯಾಕಜ್ಜಿ ನಿಂತೋಯ್ತು?"

"ಯಾರೋ ಒಂದು ಬೆಳ್ಳಿ ಸೌಟು ಬಚ್ಚಿಟ್ಕೊಂಡ್ರು. ಅವತ್ತಿಂದ ಕೊಡಲಿಲ್ಲ." ಅಜ್ಜಿ ತಾಂಬೂಲ ಉಗಿದಳು. "ಇನ್ಯಾರು, ಈ ಗೋಪಾಲಪ್ಪನ ತಾತ."

ಎಲ್ಲರೂ ಗೋಪಾಲಪ್ಪನ ಕಡೆ ತಿರುಗಿದರು. ಅವನು ಗಂಟಲು ಸರಿ ಮಾಡಿಕೊಂಡು, "ಆಯ್ತು, ಒಪ್ಪಿದೆ, ತಗೊಳ್ಳಪ್ಪಾ ನಿನ್ ಹಾಳೆ," ಎಂದು ಅವಸರದಲ್ಲಿ ಕೊಟ್ಟುಬಿಟ್ಟ.

ನಂದೀಶ ನಕ್ಷೆಯ ಕೆಳಗೇ ಚಿತ್ರ ಬಿಡಿಸಿದ. ಬೋರಲು ಕೊಪ್ಪರಿಗೆಗಳು ಸಾಲಾಗಿ ಇಳಿಯುತ್ತಿವೆ, ಕೆಳಗೆ ಹೆಂಗಸರು ಗಾಳಿ ಇಳಿಸಿಕೊಳ್ಳುತ್ತಿದ್ದಾರೆ. ನಲವತ್ತು ಜನ ಉಸಿರು ಬಿಗಿಹಿಡಿದು ನೋಡಿದರು. ಐದಕ್ಕೆ ಎಂಟು ನಿಮಿಷವಿತ್ತು. ಫೋಟೊ ತೆಗೆಯಲು ಅವನು ಫೋನ್ ಎತ್ತಿದ.

ಅದರ ಮೇಲೆ ಗೋಪಾಲಪ್ಪನ ಕೈ ಬಿತ್ತು. ಅವನ ಕಣ್ಣು ಒದ್ದೆಯಾಗಿತ್ತು.

"ಬೇಡ ಕಣೋ. ಇದು ಬುಕ್ಕಲ್ಲಿ ಬರಬಾರದು."

"ಯಾಕಣ್ಣ? ಇದು ಕತೆ!"

"ಕತೆ ಅಂತ ಬೆಳಿಗ್ಗೆನೇ ಹೇಳ್ದೆ, ನಂಬಲಿಲ್ಲ. ಈಗ ನಂಬಿದೀವಿ. ರೋಡು, ಪಾರ್ಕು, ನೀರು ಎಲ್ಲಾ ರೆಡಿ ಇರೋ ಜಾಗ ಅಂತ ಮ್ಯಾಪ್ ಸಮೇತ ಬಂದ್ರೆ, ಲೇಔಟ್ ಮಾಡೋರು ಬಿಡ್ತಾರಾ? ನಾಳೆನೇ ಕೆರೆಯೊಳಗಿನೋರಿಗೆ ನೋಟೀಸು. ನಮ್ಮತ್ರ ಆದ್ರೆ ಪಹಣಿ ಐತೆ. ಅವ್ರತ್ರ ಏನೈತೆ?"

"ಪಾಪ, ಸೌಟು ಕದ್ರೂ ಸ್ಟೇಷನ್‌ಗೆ ಹೋಗದೋರು," ಎಂದಳು ಒಗ್ಗರಣೆಯ ಹೆಂಗಸು ಸೆರಗಿನಲ್ಲಿ ಕಣ್ಣೊರೆಸಿಕೊಂಡು.

ನಂದೀಶ ಕೈ ಮುಗಿದ, ತನ್ನ ಹೆಸರು ಒಂದು ಸಲ ಅಚ್ಚಾಗಲಿ ಎಂದು ಗೋಗರೆದ. ಊರಿಗೆ ಊರೇ ಕೆರೆಯೊಳಗಿನವರ ಪರ ನಿಂತಿತ್ತು. ಹಾಳೆ ಪಿಳ್ಳಮ್ಮಜ್ಜಿಯ ಎಲೆಚೀಲ ಸೇರಿತು. ಐದೂ ಐದಕ್ಕೆ ಮೇಡಂ ಮೆಸೇಜು ಬಂತು: 'ಪುಟ ಬರಲಿಲ್ಲ. ಚಂದ್ರನ ಮೇಲಿನ ಊರಿನದೊಂದು ಕತೆ ಇತ್ತು, ಅದನ್ನೇ ಹಾಕಿದೆ.'

"ಚಂದ್ರನ ಮೇಲಾ?" ಮುನಿರಾಜ ಮತ್ತೆ ಕಿವಿಗೆ ಬಗ್ಗಿದ. "ಅಲ್ಲಿ ನೀರಿನ ರಗಳೆ ಇಲ್ಲ. ಕಾರ್ನರ್ ಐತಾ ಕೇಳು ಗುರು."

ಗೋಪಾಲಪ್ಪ ನಂದೀಶನ ಬೆನ್ನು ಸವರಿದ. "ಬೇಜಾರಾಗಬೇಡ. ನಿನ್ನ ಹೆಸ್ರು ಅಚ್ಚಾಗಬೇಕು ತಾನೆ? ನಾನು ಹಾಕಿಸ್ತೀನಿ."

ಮಾತು ಉಳಿಸಿಕೊಂಡ. ಮಾರನೆಯ ದಿನ ಏರಿಯ ಮೇಲೆ ಹತ್ತಡಿಯ ಫ್ಲೆಕ್ಸು ನಿಂತಿತ್ತು. ನಡುವೆ ಗೋಪಾಲಪ್ಪ ಕೈ ಮುಗಿದು ನಗುತ್ತಿದ್ದ. ಅವನ ತಲೆಯ ಮೇಲೆ ಕೆಂಪು ಅಕ್ಷರದಲ್ಲಿ, 'ಈ ಕೆರೆಯೊಳಗೆ ಯಾರೂ ವಾಸವಾಗಿರುವುದಿಲ್ಲ' ಎಂದಿತ್ತು. ಕೆಳಗೆ ಮೂಲೆಯಲ್ಲಿ, ಹನ್ನೆರಡು ವರ್ಷದಲ್ಲಿ ಮೊದಲ ಸಲ, ಸಣ್ಣಗೆ ಒಂದು ಸಾಲು: 'ಸ್ವತಃ ಸರ್ವೆ ಮಾಡಿ ದೃಢೀಕರಿಸಿದವರು: ನಂದೀಶ್.'