ಹೊಸ ಸ್ಪೀಕರನ್ನು ಹಳೇದು ಮಾಡಿದ್ದು

ಅಬುಧಾಬಿ ಬಸ್ ಸ್ಟ್ಯಾಂಡಿನ ಹಿಂದೆ ಕೂತು ಹೊಸ ಸ್ಪೀಕರಿಗೆ ರೂಮಿನ ಚಾವಿಯಿಂದ ಗೀರು ಹಾಕ್ತಾ ಇದ್ದೆ. ನಾಲ್ಕು ಗೀರು ಆಯ್ತು, ಸಾಕಾಗ್ಲಿಲ್ಲ. ಒಂದು ಮುಷ್ಟಿ ಮರಳು ತಗೊಂಡು ಜಾಲರಿಗೆ ಚೆನ್ನಾಗಿ ತಿಕ್ಕಿದೆ. ಬಾಕ್ಸ್ ಆಗ್ಲೇ ಕಸದ ಡಬ್ಬಿಗೆ ಹೋಗಿತ್ತು. ನಂಬರಿನ ಸ್ಟಿಕ್ಕರನ್ನೂ ಕಿತ್ತು ಅಲ್ಲೇ ಬಿಸಾಡಿದೆ.

ತಲೆ ಕೆಟ್ಟು ಅಲ್ಲ. ಟ್ಯಾಕ್ಸ್ ಉಳಿಸ್ಲಿಕ್ಕೆ!

೨೦೧೮ರ ಜನವರಿ. ನಾವಿರುವ ದುಬೈಯಲ್ಲಿ ಸಾಮಾನಿಗೆ ಐದು ಪರ್ಸೆಂಟ್ ಟ್ಯಾಕ್ಸ್ ಹೊಸದಾಗಿ ಶುರುವಾಗಿತ್ತು. ಆಗ್ಲೇ ನಮ್ಮ ಹಾಡಿನ ಗುಂಪಿಗೆ ಸ್ಪೀಕರ್ ಬೇಕಾಯ್ತು. ಗುಂಪಿನ ಯಜಮಾನ ವಿಲ್ಲಿಯಣ್ಣ, ಹೋಟೆಲಲ್ಲಿ ಕುಕ್, ನನ್ನ ರೂಮಿನವರೇ. ನಾನು ನಾಲ್ಕು ವರ್ಷದಿಂದ ಹಿಂದೆ ನಿಂತು ಚಪ್ಪಾಳೆ ತಟ್ಟುವವ. ಟ್ಯಾಕ್ಸ್ ಇಲ್ಲದೆ ಸ್ಪೀಕರ್ ತರ್ತೇನೆ, ಶುಕ್ರವಾರದ ಪ್ರೋಗ್ರಾಮಲ್ಲಿ ನನಗೂ ಒಂದು ಹಾಡು ಕೊಡಿ ಅಂದೆ.

"ತಂದು ತೋರ್ಸು. ಮೊದಲ ಹಾಡೇ ನಿಂದು" ಅಂದ್ರು ವಿಲ್ಲಿಯಣ್ಣ.

ನಾನು ಕಾರವಾರದವ. ಊರಲ್ಲಿ ಟ್ಯಾಕ್ಸ್ ಜಾಸ್ತಿ ಅಂದ್ರೆ ಗೋವಾಕ್ಕೆ ಹೋಗಿ ತರೋದು, ಗಡಿಯ ಚೆಕ್‌ಪೋಸ್ಟಲ್ಲಿ ಹಿಡಿದ್ರೆ ಹಳೇ ಸಾಮಾನು ಅನ್ನೋದು. ದುಬೈ ಒಂದು ರಾಜ್ಯ, ಅಬುಧಾಬಿ ಇನ್ನೊಂದು. ಇದ್ರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು? ಬುಧವಾರ ರಜೆ ಹಾಕಿ ಅಬುಧಾಬಿಗೆ ಹೊರಟೆ.

ವಾಪಸ್ ಬರುವಾಗ ಸ್ಪೀಕರನ್ನು ಲುಂಗಿಯಲ್ಲಿ ಸುತ್ತಿ ತೊಡೆ ಮೇಲೆ ಇಟ್ಕೊಂಡೆ. ಬಸ್ಸಲ್ಲಿ ಪಕ್ಕದಲ್ಲಿ ಕಾಸರಗೋಡಿನ ಒಬ್ರು ವಯಸ್ಸಾದವರು. ಒಂದು ಗಂಟೆ ಕಿಟಕಿಯಿಂದ ಪೊಲೀಸರನ್ನು ಹುಡುಕ್ತಾ ಕೂತೆ. ಕೊನೆಗೆ ತಡೀಲಿಕ್ಕೆ ಆಗ್ದೆ ಚೆಕ್‌ಪೋಸ್ಟ್ ಎಲ್ಲಿ ಬರ್ತದೆ ಅಂತ ಕೇಳಿದೆ.

"ಎಂತ ಚೆಕ್‌ಪೋಸ್ಟು? ಜೆಬೆಲ್ ಅಲಿ ದಾಟಿತು ಮಾರಾಯ, ದುಬೈ ಬಂತು." ಅವರು ಲುಂಗಿಯನ್ನೊಮ್ಮೆ ನೋಡಿದ್ರು. "ಅದ್ರೊಳಗೆ ಎಂತ, ಮಗುವಾ?"

ಚೆಕ್‌ಪೋಸ್ಟೇ ಇಲ್ಲ! ಹಾಗಾದ್ರೆ ಪೂರಾ ಲಾಭ ಅಂತ ಖುಷಿಯಲ್ಲಿ ರೂಮಿಗೆ ಬಂದೆ. ವಿಲ್ಲಿಯಣ್ಣ ಬಿಲ್ ಬಿಡಿಸಿ ಒಂದು ಕಡೆ ಬೆರಳಿಟ್ರು. ಐದು ಪರ್ಸೆಂಟ್! ಟ್ಯಾಕ್ಸು ದುಬೈಗೆ ಮಾತ್ರ ಅಲ್ಲ, ಇಡೀ ದೇಶಕ್ಕಂತೆ. ಬಿಲ್ ನಾನು ಓದಿರ್ಲಿಲ್ಲ. ಓದೋದು ನನಗೆ ಮೊದಲಿಂದ್ಲೂ ಆಗೋದಿಲ್ಲ.

ಹೋಗ್ಲಿ, ಸ್ಪೀಕರಾದ್ರೂ ಬಂತಲ್ಲ ಅಂತ ಮೈಕ್ ಸಿಕ್ಕಿಸಿ ಹಾಡಿದೆ. ಕರಕರ ಕರಕರ ಅಂತು.

"ಇದು ಸ್ಪೀಕರಾ, ನಿನ್ನ ಗಂಟಲಾ?" ವಿಲ್ಲಿಯಣ್ಣ ಕೇಳಿದ್ರು.

ನನ್ನನ್ನು ನಿಲ್ಲಿಸಿ ಮೊಬೈಲಿನ ಹಾಡು ಹಾಕಿ ನೋಡಿದ್ರು. ಅದೂ ಕರಕರ. ಅಲುಗಾಡಿಸಿದ್ರೆ ಒಳಗಿಂದ ಮರಳು ಉದುರ್ತು.

ಅಂಗಡಿಯವನಿಗೆ ಫೋನ್ ಮಾಡಿ, ಗ್ಯಾರಂಟಿ ಉಂಟಲ್ಲ, ಬದಲಿ ಕೊಡು ಅಂದೆ. ಬಾಕ್ಸು, ನಂಬರಿನ ಸ್ಟಿಕ್ಕರು ಕೇಳಿದ. ಇಲ್ಲ ಅಂದೆ. ಹಾಗಾದ್ರೆ ಸ್ಪೀಕರಿನ ಫೋಟೊ ಕಳ್ಸು ಅಂದ. ಕಳ್ಸಿದೆ. ಕೂಡ್ಲೆ ಅವನೇ ಫೋನ್ ಮಾಡಿದ.

"ಇದು ನಾನು ಕೊಟ್ಟದ್ದಲ್ಲ ಭಾಯಿ. ನನ್ನ ಅಂಗಡಿಗೇ ಇಷ್ಟು ವಯಸ್ಸಾಗ್ಲಿಲ್ಲ."

ನೋಡಿ, ಕೆಲಸ ಅಷ್ಟು ಪಕ್ಕಾ ಮಾಡಿದ್ದೆ!

ಶುಕ್ರವಾರ ಸ್ಪೀಕರ್ ಇಲ್ಲದೇ ಪ್ರೋಗ್ರಾಮ್ ಆಯ್ತು. ಮೊದಲ ಹಾಡು ವಿಲ್ಲಿಯಣ್ಣಂದು. ಹಿಂದಿಂದ ಚಪ್ಪಾಳೆ ನಂದು. ಅದಕ್ಕೆ ಸ್ಪೀಕರೂ ಬೇಡ, ಟ್ಯಾಕ್ಸೂ ಇಲ್ಲ.

ಖಲಾಸ್. ಇನ್ನು ಹೇಳ್ಲಿಕ್ಕೆ ಎಂತದೂ ಇಲ್ಲ.