ದಿಕ್ಕು ನಿಲ್ಲದ ಅಡುಗೆಮನೆ

ನಡುನೀರಿನಲ್ಲಿ ಒಬ್ಬನೇ ಇದ್ದರೆ ಯಾವ ಪ್ರಸಂಗವೂ ಹತ್ತಿರ ಸುಳಿಯುವುದಿಲ್ಲ ಎಂದು ನಂಬಿದ್ದೆ. ಪ್ರಸಂಗಗಳಿಗೆ ಈಜು ಬರುತ್ತದೆ ಎಂಬುದು ಗೊತ್ತಿರಲಿಲ್ಲ.

ಹಡಗಿನ ಇಂಜಿನಿಯರ್ ಕೆಲಸದಿಂದ ನಿವೃತ್ತನಾದ ಮೇಲೆ ಹಳೆಯದೊಂದು ಹಾಯಿದೋಣಿ ಕೊಂಡೆ. ಒಳಗೆ ಮಲಗಲು ಕೋಣೆ, ಮೂಲೆಯಲ್ಲಿ ಒಲೆ, ಮೇಲೆ ಸೋಲಾರ್. ಕುಡಿಯಲು ಮಳೆನೀರು, ಕುಂಡಗಳಲ್ಲಿ ಹರಿವೆ ಸೊಪ್ಪು. ಅನುಮತಿ ಪಡೆದು, ಬೇಳೆಕಾಳು ತುಂಬಿಕೊಂಡು, ಚನ್ನಗಿರಿ ಕಡೆಯ ದೊಡ್ಡ ಕೆರೆಯಲ್ಲಿ ಲಂಗರು ಹಾಕುವುದೆಂದು ನಿರ್ಧರಿಸಿದೆ.

ನ್ಯಾಮತಿಯ ಮನೆಯಲ್ಲಿ ಹೆಂಡತಿ ಒಂದು ಷರತ್ತು ಹಾಕಿದಳು. "ದೀಪಾವಳಿ ತನಕ ದಡದ ಹಂಗಿಲ್ದೆ ಇದ್ರೆ ದೋಣಿ ಇಟ್ಕೊಳ್ರಿ. ಇಲ್ಲಾಂದ್ರೆ ಮಾರಿ ಮನೆಗೆ ಬರ್ಬೇಕು."

"ಹಂಗು ಅಂದರೇನು? ಸ್ಪಷ್ಟವಾಗಿರಲಿ," ಎಂದು ನಿಯಮವನ್ನು ನಾನೇ ರೂಪಿಸಿದೆ: ದಡದಿಂದ ಯಾರು ಬೇಕಾದರೂ, ಏನು ಬೇಕಾದರೂ ಬರಬಹುದು, ಬಂದದ್ದು ದೋಣಿಯಲ್ಲಿ ಉಳಿಯಬಾರದು.

"ನೀವೇ ಹೇಳಿದ್ದು, ನೆನಪಿರ್ಲಿ," ಅಂದಳು.

ಜಗಳೂರಿನ ಚಹಾ

ದೋಣಿ ಪೂರ್ವ ಕರಾವಳಿಯಿಂದ ಲಾರಿಯಲ್ಲಿ ಬಂತು. ಜಗಳೂರಿನಲ್ಲಿ ಚಹಾ ಕುಡಿಯಲು ನಿಲ್ಲಿಸಿದೆವು. ಬಿಸಿಲು ಸುಡುತ್ತಿತ್ತು. ಜನ ಸುತ್ತುವರಿದರು.

"ಏನ್ರೀ ಇದು?"

"ಹಾಯಿದೋಣಿ."

"ನೀರು ಎಲ್ಲೈತೆ?"

"ಇಲ್ಲಿಲ್ಲ. ಚನ್ನಗಿರಿ ಹತ್ತಿರ."

ಒಬ್ಬ ಮುದುಕರು ದೋಣಿಯ ಹೊಟ್ಟೆ ಸವರಿ, "ಇಂಥದ್ದು ನಮ್ಮೂರಿಗೆ ಸುಮ್ನೆ ಬರಲ್ಲ," ಎಂದು ಕಾಯಿ ಒಡೆಸಿ ಕುಂಕುಮ ಹಚ್ಚಿದರು. ಆಶ್ಚರ್ಯವೆಂದರೆ ಸಂಜೆಗೆ ಮಳೆ ಸುರಿಯಿತು. ಹೊರಡಲು ನೋಡಿದರೆ ಲಾರಿಯ ಮುಂದೆ ಬೆಂಚು ಅಡ್ಡ ಇಟ್ಟಿದ್ದರು.

"ಹೋಗೀರಂತೆ ತಡೀರಿ. ಕೆರೆ ತುಂಬ್ಲಿ."

ಭಾವಮೈದುನನ ಕಂಪಾಸು

ಹೇಗೋ ಅಲ್ಲಿಂದ ಬಿಡಿಸಿಕೊಂಡು ಬಂದು ಕೆರೆಯಲ್ಲಿ ಲಂಗರು ಹಾಕಿದ ಮೇಲೆ ಮೊದಲು ಬಂದವನು ಹೊನ್ನಾಳಿಯ ಭಾವಮೈದುನ. ವಾಸ್ತು ನೋಡುತ್ತಾನೆ. ಕಂಪಾಸು ಹಿಡಿದು, "ಒಲೆ ಆಗ್ನೇಯದಾಗೆ ಐತೆ. ಭೇಷ್ ಭಾವ!" ಎಂದ. ನೀರು ಕುಡಿದು ಮತ್ತೆ ನೋಡಿದ. ಮುಖ ಬಿಳಿಚಿತು.

"ಈಗ ಈಶಾನ್ಯಕ್ಕೆ ಹೋಗೈತೆ! ಯಾರು ಸರಿಸಿದ್ದು?"

"ಗಾಳಿ. ಲಂಗರಿನಲ್ಲಿರುವ ದೋಣಿ ಗಾಳಿ ಬಂದ ಕಡೆಗೆ ಮುಖ ಮಾಡುತ್ತದೆ."

"ಇದನ್ನ ನಿಲ್ಲಿಸಾಕೆ ಆಗಲ್ಲೇನು?"

"ಇಲ್ಲ."

"ಹಂಗಾದ್ರೆ ಒಲೆ ಆಗ್ನೇಯಕ್ಕೆ ಬರೋ ತನಕ ಹಚ್ಚಬ್ಯಾಡ್ರಿ."

ಕಾದೆವು. ಆ ದಿನ ಗಾಳಿ ಮನಸ್ಸು ಬದಲಿಸಲಿಲ್ಲ. ಸಂಜೆ ಅವನು ಹಸಿದು ದಡಕ್ಕೆ ಹೋಗಿ, ಮೊದಲು ಸಿಕ್ಕ ಅಂಗಡಿಯಲ್ಲಿ, ಬಾಣಲೆ ಯಾವ ದಿಕ್ಕಿಗಿದೆ ಎಂದೂ ನೋಡದೆ ಮಿರ್ಚಿ ತಿಂದನಂತೆ.

ಪಂಚಮಿ ಉಂಡಿ

ನಾಗರ ಪಂಚಮಿಗೆ ದಡದ ಮನೆಯೊಂದರ ಅಮ್ಮ, ಮೀನು ಹಿಡಿಯುವವನ ತೆಪ್ಪದಲ್ಲಿ ಡಬ್ಬಿ ತುಂಬ ಎಳ್ಳುಂಡಿ ಕಳಿಸಿದರು.

"ವಾಪಸ್ ಒಯ್ಯಿ. ನಿಯಮ," ಎಂದೆ.

"ತುಂಬಿದ ಡಬ್ಬಿ ತಿರುಗಿ ಹೋದ್ರೆ ಆಯಮ್ಮ ನೊಂದ್ಕೊಳ್ತಾಳೆ ಸಾಹೇಬ್ರೆ."

"ನಿಯಮಕ್ಕೆ ಹಬ್ಬ ಇಲ್ಲ."

ಅವನು ನಿಟ್ಟುಸಿರು ಬಿಟ್ಟು ಹೊರಟ. ನಡುದಾರಿಯಲ್ಲಿ ತೆಪ್ಪ ನಿಂತಿತು. ಅಮ್ಮನಿಗೆ ಖಾಲಿ ಡಬ್ಬಿಯೂ, "ಸಾಹೇಬ್ರು ಇನ್ನೂ ಬೇಕಿತ್ತು ಅಂದ್ರು" ಎಂಬ ಸುದ್ದಿಯೂ ತಲುಪಿದವು. ಆಮೇಲೆ ಗೌರಿಗೆ ಕಡುಬು, ದಸರೆಗೆ ಹೋಳಿಗೆ, ಒಂದೂ ತಪ್ಪಲಿಲ್ಲ. ದೀಪಾವಳಿ ಹತ್ತಿರ ಬರುವಾಗ ನನ್ನ ಬೆಲ್ಟಿಗೆ ಹೊಸ ತೂತು ಕೊರೆಯಬೇಕಾಯಿತು. ಅವನು ಕುಳಿತರೆ ತೆಪ್ಪ ಮೊದಲಿಗಿಂತ ಆಳಕ್ಕೆ ಇಳಿಯುತ್ತಿತ್ತು.

ಉಳಿದದ್ದು

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಇನ್ನೊಂದೇ ದಿನ. ಗೆದ್ದೆ ಎಂದುಕೊಂಡಿದ್ದೆ. ಅದೇ ತೆಪ್ಪದಲ್ಲಿ ಹೆಂಡತಿ ಬಂದಳು. ಕೈಯಲ್ಲಿ ಚೀಲ. ಹತ್ತಿ ಕುಳಿತು, ತೆಪ್ಪದವನಿಗೆ "ನೀನು ಹೋಗಪ್ಪ," ಅಂದಳು.

"ಅವನು ಹೋದರೆ ನೀನು ವಾಪಸ್ ಹೇಗೆ ಹೋಗುತ್ತೀ?"

"ಹೋಗಲ್ಲ. ನಾನು ಎಲ್ಲಿಂದ ಬಂದೆ?"

"ದಡದಿಂದ."

"ಬಂದದ್ದು ಉಳೀಬಾರ್ದು ಅಂದೋರು ಯಾರು?"

"ನಾನೇ."

"ನಾನು ಉಳಿದೀನಿ. ಸೋತ್ರಿ. ಇಲ್ಲಾ, ನೀರಿಗೆ ತಳ್ರಿ."

ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು. ನನಗೆ ಧೈರ್ಯವಿರಲಿಲ್ಲ. ಮಾತು ಮಾತೇ. ದೋಣಿ ಮಾರಾಟಕ್ಕಿದೆ ಎಂದು ಸಾರಿದೆ. ಗಿರಾಕಿ ಸಿಗುವ ತನಕ ಅವಳೂ ಅಲ್ಲೇ ಇದ್ದಳು. ಸೊಳ್ಳೆ ಇಲ್ಲ, ಬಾಗಿಲು ತಟ್ಟುವವರಿಲ್ಲ, ತಂಪು ಗಾಳಿ. ಬೆಳಕು ಹರಿದ ಮೇಲೂ ಮಲಗಿರುತ್ತಿದ್ದಳು.

ಕೊನೆಗೆ ತ್ಯಾವಣಿಗೆಯಿಂದ ಒಬ್ಬ ಸ್ಥಿತಿವಂತರು ಬಂದರು. ಎಲ್ಲ ನೋಡಿ, "ತಗೋತೀನಿ," ಅಂದರು. ನಾನು ಲಂಗರಿನ ಸರಪಳಿಯ ಸ್ಥಿತಿ ವಿವರಿಸುತ್ತಿದ್ದೆ. ಹೆಂಡತಿ ಒಲೆಯ ಪಕ್ಕದಿಂದಲೇ ಅವರನ್ನು ಕರೆದಳು.

"ಅಣ್ಣಾರೆ, ಮೊದ್ಲೇ ಹೇಳ್ಬಿಡ್ತೀನಿ. ಈ ಅಡುಗೆಮನೆ ಒಂದು ದಿಕ್ಕಿಗೆ ನಿಲ್ಲಲ್ಲ. ಬೆಳಿಗ್ಗೆ ಆಗ್ನೇಯ, ಸಂಜೆ ಈಶಾನ್ಯ. ಹೊನ್ನಾಳಿಯಿಂದ ವಾಸ್ತುನೋರೇ ಬಂದು ನೋಡಿ, ಉಪವಾಸ ಹೋಗ್ಯಾರೆ."

ಅವರು ಚಪ್ಪಲಿ ಮೆಟ್ಟಿಕೊಂಡರು. ತೆಪ್ಪಕ್ಕೆ ಇಳಿಯುವಾಗ ಅನುಮಾನ ಬಂದು ತಿರುಗಿ ಕೇಳಿದರು. "ಅಲ್ಲ ಕಣಮ್ಮ, ಹಂಗಾದ್ರೆ ನಿಮಗೆ ಹೆಂಗೆ ಆಗಿಬಂತು?"

ಹೆಂಡತಿ ನನ್ನ ಕಡೆ ಕೈ ತೋರಿಸಿದಳು.

"ಮದುವೆ ಆದಾಗಿಂದ ನಾನು ಏನು ಹೇಳಿದ್ರೂ ಇವರು ಯಾವ ದಿಕ್ಕಿಗೂ ತಿರುಗಿಲ್ಲ ಅಣ್ಣಾರೆ. ಮನೆಯಾದ್ರೂ ತಿರುಗ್ಲಿ ಅಂತ ಇದ್ದೀನಿ."